ಹೊಸ ಪೈಪು, ಹೊಸ ತಂಬಾಕು, ಹೊಸ ಲೈಟರು: ತಪ್ಪು ಯಾರದ್ದು?

ಪ್ರಶ್ನೆ: ಸಂಜೆ ಮಂಡಿ ಬಾಗಿಲು ಹಾಕಿದ ಮೇಲೆ ಒಂದು ಪೈಪ್ ಸೇದುವುದು ನನ್ನ ಹಳೇ ಅಭ್ಯಾಸ. ಮೊನ್ನೆ ಲಂಡನ್‌ನಿಂದ ಬಂದ ಅಳಿಯಂದಿರು ಒಂದು ಬ್ರಯರ್ ಪೈಪು, ಲಟಾಕಿಯಾ ಬೆರೆಸಿದ ಒಂದು ಡಬ್ಬಿ ತಂಬಾಕು ತಂದುಕೊಟ್ಟರು. ಬೆಂಗಳೂರಿನಲ್ಲಿ ಒಂದು ಜೆಟ್ ಲೈಟರನ್ನೂ ಕೊಡಿಸಿದರು. ಮೂರನ್ನೂ ಅದೇ ದಿನ ಶುರು ಮಾಡಿದೆ. ನಾಲಿಗೆ ಉರಿ ಬಂತು. ಪೈಪಿನ ಅಂಚು ಒಂದು ಕಡೆ ಕರ್ರಗಾಯಿತು. ಅರ್ಧ ಸೇದುವಷ್ಟರಲ್ಲಿ ಒಳಗೆ ಗೊಳಗೊಳ ಸದ್ದು. ಮನೆಯವಳು ‘ಟೈರ್ ಸುಡ್ತಿದ್ದೀರಾ?’ ಅಂತಾಳೆ. ಯಾವುದನ್ನು ಬಿಸಾಡಲಿ?
ಕೊಬ್ಬರಿ ವರ್ತಕರು, ತಿಪಟೂರು

ಉತ್ತರ: ಯಾವುದನ್ನೂ ಬಿಸಾಡಬೇಡಿ ಸ್ವಾಮಿ. ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಕಳ್ಳ ಯಾರು ಅಂತ ಹಿಡಿಯುವುದು ಹೇಗೆ? ಒಂದು ವಾರ ಹೊಸ ತಂಬಾಕನ್ನು ನಿಮ್ಮ ಹಳೇ ಪೈಪಿನಲ್ಲಿ ಸೇದಿ. ಆಮೇಲೆ ಹೊಸ ಪೈಪಿಗೆ ಹಳೇ ತಂಬಾಕು ತುಂಬಿ. ಎರಡಕ್ಕೂ ಬೆಂಕಿಪೊಟ್ಟಣ ಸಾಕು. ಲೈಟರ್ ಸದ್ಯಕ್ಕೆ ಬೀರುವಿನಲ್ಲಿರಲಿ.

ನನ್ನ ಅನುಮಾನ ಮೊದಲು ಹೋಗುವುದು ಆ ಲೈಟರ್ ಮೇಲೇ. ಜೆಟ್ ಲೈಟರ್ ಸಿಗಾರಿನವರಿಗೆ ಸರಿ. ಬುಸ್ ಅಂತ ನೇರ ನುಗ್ಗುವ ಅದರ ನೀಲಿ ಉರಿ ಎಲೆಗಿಂತ ಮೊದಲು ಮರವನ್ನು ಸುಡುತ್ತದೆ. ಅಂಚು ಕಪ್ಪಾಗಿದ್ದು ಅದರಿಂದಲೇ ಇರಬೇಕು. ಪೈಪಿಗೆ ಬೇಕಾದ್ದು ಮೆತ್ತಗಿನ ಹಳದಿ ಉರಿ, ಅದೂ ಪಕ್ಕಕ್ಕೆ ಬಾಗಿ ಬರುವಂಥದ್ದು. ಅದಕ್ಕೆಂದೇ ಪೈಪ್ ಲೈಟರ್ ಬೇರೆ ಸಿಗುತ್ತವೆ. ಮರದ ಕಡ್ಡಿ ಗೀರಿದರೂ ತಕ್ಷಣ ಹತ್ತಿರ ಹಿಡಿಯಬೇಡಿ, ತುದಿಯ ಮದ್ದು ಪೂರ್ತಿ ಉರಿದುಹೋಗಲಿ. ಮೇಣದ ಕಡ್ಡಿ ಬೇಡವೇ ಬೇಡ, ಅದರ ವಾಸನೆ ತಂಬಾಕಿಗೆ ಹತ್ತುತ್ತದೆ.

ಇನ್ನು ಎಲೆಯ ತೇವ. ಇದನ್ನು ತಿಪಟೂರಿನವರಿಗೆ ನಾನು ಹೇಳಿಕೊಡಬೇಕೇ? ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ, ಒಳಗೆ ಉಂಡೆ ಲೊಟಲೊಟ ಅಂದರೆ ಒಣಗಿದೆ ಅಂತ ನೀವು ಕಣ್ಣು ಮುಚ್ಚಿಕೊಂಡು ಹೇಳುತ್ತೀರಿ. ತಂಬಾಕಿಗೂ ಅಂಥದ್ದೇ ಕೈಗುರುತು ಇದೆ. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಒತ್ತಿ ಬಿಡಿ. ಉಂಡೆ ಕಟ್ಟಿಕೊಂಡೇ ಉಳಿದರೆ ಹಸಿ. ಪುಡಿಯಾದರೆ ಅತಿ ಒಣಗಿದೆ. ನಿಧಾನವಾಗಿ ಬಿಚ್ಚಿಕೊಂಡರೆ ಹದ. ಡಬ್ಬಿಯಿಂದ ತೆಗೆದ ಎಲೆ ಸಾಮಾನ್ಯವಾಗಿ ಹಸಿಯೇ ಇರುತ್ತದೆ. ಸೇದುವಷ್ಟನ್ನು ಪೇಪರ್ ಮೇಲೆ ಹರಡಿ ಅರ್ಧ ಗಂಟೆ ನೆರಳಲ್ಲಿಡಿ. ಹಸಿ ಎಲೆ ಹೊತ್ತಿಕೊಳ್ಳುವುದಿಲ್ಲ. ನೀವು ಜೋರಾಗಿ ಎಳೆಯುತ್ತೀರಿ. ಆಗ ಬಾಯಿಗೆ ಬರುವುದು ಬಿಸಿ ಹಬೆ. ಅದೇ ನಾಲಿಗೆ ಸುಟ್ಟಿದ್ದು, ಅದೇ ತಣ್ಣಗಾಗಿ ಗೊಳಗೊಳ ಅಂದಿದ್ದು. ಸದ್ದು ಬಂದಾಗ ಪೈಪ್ ಕ್ಲೀನರ್, ಅಂದರೆ ಹತ್ತಿ ಸುತ್ತಿದ ತಂತಿ, ಒಳಗೆ ಹಾಕಿ ಎಳೆಯಿರಿ. ಪೈಪ್ ಬಿಸಿ ಇರುವಾಗ ಮಾತ್ರ ಕೊಳವೆಯನ್ನು ತಿರುಗಿಸಿ ಕೀಳಬೇಡಿ, ಕೂಡುವ ಜಾಗ ಸಡಿಲವಾಗುತ್ತದೆ ಇಲ್ಲಾ ಮುರಿಯುತ್ತದೆ. (ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟ್‌ಗೆ ಮಾರುವ ಬಣ್ಣಬಣ್ಣದ ತಂತಿ ಬೇಡ, ಅದು ನೀರು ಹೀರುವುದಿಲ್ಲ. ಹತ್ತಿಯದ್ದೇ ಬೇಕು.)

ಪೈಪಿನದ್ದೂ ಒಂದು ಪಾಲಿದೆ. ಬ್ರಯರ್ ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು. ಗಟ್ಟಿ ಮರ, ಬೆಂಕಿಗೆ ಬೇಗ ಬಗ್ಗುವುದಿಲ್ಲ. ಆದರೂ ಹೊಸತರಲ್ಲಿ ತಂಬಾಕು ತುಂಬುವ ಬಟ್ಟಲಿಗೆ ಒಳಕವಚ ಇರುವುದಿಲ್ಲ, ಕೈಗೆ ಬಿಸಿ ತಟ್ಟುತ್ತದೆ. ಮೊದಮೊದಲು ಅರ್ಧ ಬಟ್ಟಲು ಮಾತ್ರ ತುಂಬಿ, ತಳದವರೆಗೂ ನಿಧಾನವಾಗಿ ಸೇದಿ. ಒಳಗೆ ತೆಳ್ಳಗೆ ಮಸಿಯ ಪದರ ಕೂರುತ್ತದೆ. ಅದನ್ನು ಕೆರೆದು ಚೊಕ್ಕಟ ಮಾಡುವ ಉಮೇದು ಬೇಡ, ಒಂದು ಮಿಲಿಮೀಟರ್ ದಪ್ಪ ಇರಲಿ.

ತಂಬಾಕು? ಪಾಪ, ಅದರದ್ದೇನೂ ತಪ್ಪಿಲ್ಲ. ಲಟಾಕಿಯಾ ಎಲೆಯನ್ನು ಕಟ್ಟಿಗೆ ಹೊಗೆಯಲ್ಲೇ ಹದ ಮಾಡುತ್ತಾರೆ. ಸಿರಿಯಾದ ಬಂದರಿನ ಹೆಸರು ಅದಕ್ಕೆ. ಸೈಪ್ರಸ್‌ನದ್ದೂ ಹೆಸರುವಾಸಿ. ಅದರ ವಾಸನೆಯೇ ಹಾಗೆ, ಮನೆಯವರು ಮೂಗಿಗೆ ಬಂದದ್ದನ್ನು ಸರಿಯಾಗೇ ಹೇಳಿದ್ದಾರೆ. ಆ ವಾಸನೆ ಪೈಪಿನ ಮರಕ್ಕೂ ಹತ್ತಿ ಕೂತುಬಿಡುತ್ತದೆ. ಸಿಹಿ ಘಮದ ಕ್ಯಾವೆಂಡಿಷ್ ತಂಬಾಕು ಸೇದುವ ಆಸೆ ಇದ್ದರೆ ಅದಕ್ಕೊಂದು, ಇದಕ್ಕೊಂದು ಪೈಪ್ ಮೀಸಲಿಡಿ.

ನಾಲಿಗೆಯ ಹುಣ್ಣೋ ಬಿಳಿ ಕಲೆಯೋ ಎರಡು ವಾರವಾದರೂ ಹೋಗದಿದ್ದರೆ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಹೊಗೆ ನುಂಗುವುದಿಲ್ಲ ಅಂದ ಮಾತ್ರಕ್ಕೆ ಪೈಪ್ ಸಾಧು ಅಲ್ಲ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತ ಸೇರುತ್ತದೆ, ಬಾಯಿ ಕ್ಯಾನ್ಸರ್ ಪೈಪಿನವರನ್ನೂ ಬಿಟ್ಟಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮೂರಿನ ಗಾಳಿಗೆ ತಂಬಾಕು ಗರಿಗರಿ ಆಗುತ್ತದೆ. ಸೇಬಿನ ಚೂರು ಹಾಕಿಡಿ ಅಂತ ಸ್ನೇಹಿತರು ಹೇಳುತ್ತಾರೆ.
ಶಿರಾದ ಓದುಗರು

ಉತ್ತರ: ಹಾಕಿ, ಮೂರನೇ ದಿನ ಬೂಷ್ಟು ನೋಡಿ. ಅದರ ಬದಲು ಹೊಸ ಹಂಚಿನ ಒಂದು ಚೂರನ್ನು ನೀರಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಗಾಜಿನ ಜಾಡಿಯಲ್ಲಿ ಎಲೆಯ ಜೊತೆ ಒಂದು ರಾತ್ರಿ ಇಡಿ. ಬೆಳಿಗ್ಗೆ ತೆಗೆದುಬಿಡಿ.

ಪ್ರಶ್ನೆ: ಹುಣಸೂರಿನ ನೆಂಟರ ಹತ್ತಿರ ವರ್ಜೀನಿಯಾ ಎಲೆ ಇದೆ. ಪೈಪಿಗೆ ಆಗುತ್ತಾ?
ಗುಬ್ಬಿಯ ಓದುಗರು

ಉತ್ತರ: ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ (ಎಲೆಯನ್ನು ಬಿಸಿಯಲ್ಲಿ ಹದ ಮಾಡುವ ಮನೆ) ಬೇಯಿಸಿ ಹರಾಜಿಗೆ ಒಯ್ಯುವ ಎಲೆ ವರ್ಜೀನಿಯಾನೇ, ನಿಜ. ಆದರೆ ಪೈಪಿನ ವರ್ಜೀನಿಯಾ ಒತ್ತಿಟ್ಟು, ಹಳತು ಮಾಡಿ, ಆಮೇಲೆ ಕತ್ತರಿಸಿದ್ದು. ಬ್ಯಾರನ್‌ನಿಂದ ನೇರ ಬಟ್ಟಲಿಗೆ ಹಾಕಿದರೆ ಗಂಟಲು ಕಿತ್ತುಬರುತ್ತದೆ.

ಪ್ರಶ್ನೆ: ಅಟ್ಟದಲ್ಲಿ ತಾತನ ಪೈಪ್ ಸಿಕ್ಕಿತು. ನನಗೆ 19 ವರ್ಷ. ಹೇಗೆ ಶುರು ಮಾಡಲಿ ಸಾರ್?
ವಿದ್ಯಾರ್ಥಿ, ತುಮಕೂರು

ಉತ್ತರ: ಮಾಡಬೇಡಪ್ಪಾ. ನಮ್ಮ ರಾಜ್ಯದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. 21 ತುಂಬಿದ ಮೇಲೆ ಕೇಳಿದರೂ ನನ್ನ ಉತ್ತರ ಇದೇ. ತಾತನ ಪೈಪನ್ನು ಮಾತ್ರ ಚೆನ್ನಾಗಿಟ್ಟುಕೋ. ಕೊಳವೆ ಹಸಿರು ಹಳದಿಗೆ ತಿರುಗಿದ್ದರೆ ಅದು ಎಬೊನೈಟ್, ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒದ್ದೆ ಬಟ್ಟೆಯಲ್ಲಿ ತಾಳ್ಮೆಯಿಂದ ಉಜ್ಜಿದರೆ ಕಪ್ಪು ಹೊಳಪು ಬರುತ್ತದೆ. ಮರದ ಬಟ್ಟಲನ್ನು ನಲ್ಲಿ ಕೆಳಗೆ ಹಿಡಿಯಬೇಡ.