ಖಗೋಳ ಸುದ್ದಿಯಲ್ಲಿ ಕಳೆದುಹೋಗುವ ‘ಬಹುದು’

“ಪೇಪರಿನಲ್ಲಿ ಬರುವ ಖಗೋಳ ಸುದ್ದಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ಕಿತು ಅಂದರು, ಆಮೇಲೆ ಸದ್ದೇ ಇಲ್ಲ” ಎಂದು ಕೇಳಿದ್ದೀರಿ. ನೀವು ಹೆಸರಿಸಿದ ಗ್ರಹವನ್ನೇ ಹಿಡಿದು ಹೇಳುತ್ತೇನೆ. ಆ ಸುದ್ದಿ ಬಂದಾಗ ನಮ್ಮ ಮನೆಯಲ್ಲೂ ಇದೇ ಮಾತು ಎದ್ದಿತ್ತು.

2025ರ ಏಪ್ರಿಲ್. ಅಕ್ಕನ ಮಗಳು ಬೇಸಿಗೆ ರಜಕ್ಕೆ ಬಂದಿದ್ದಳು. ಬೆಳಿಗ್ಗೆ ಪೇಪರ್ ಹಿಡಿದು ಓಡಿಬಂದು, “ಮಾಮ, ಬೇರೆ ಗ್ರಹದಲ್ಲಿ ಜೀವ ಸಿಕ್ಕಿದೆಯಂತೆ! ಫೋಟೋನೂ ಹಾಕಿದ್ದಾರೆ ನೋಡು” ಅಂದಳು. ನೀಲಿ ಕಡಲು, ಬಿಳಿ ಮೋಡ, ಹಿಂದೆ ಕೆಂಪು ಸೂರ್ಯ. ಅದು ಫೋಟೋ ಅಲ್ಲ, ಕಲಾವಿದರು ಊಹಿಸಿ ಬರೆದ ಚಿತ್ರ. ಆದರೆ ಹಾಗೆಂದು ಅಡಿಯಲ್ಲಿ ಒಂದಕ್ಷರವೂ ಇರಲಿಲ್ಲ.

ವಿಜ್ಞಾನಿಗಳು ನಿಜಕ್ಕೂ ಕಂಡದ್ದೇನು ಎಂದು ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿದೆ. ಒಂದು ಗ್ರಾಫ್. ಒಂದಷ್ಟು ಚುಕ್ಕೆಗಳು, ಪ್ರತಿ ಚುಕ್ಕೆಗೂ ಮೇಲಕ್ಕೆ ಕೆಳಕ್ಕೆ ಚಾಚಿದ ಉದ್ದನೆಯ ಗೀಟು, ಅಂದರೆ ಅಳತೆ ಅಷ್ಟರ ಮಟ್ಟಿಗೆ ಹೆಚ್ಚುಕಡಿಮೆ ಆಗಿರಬಹುದು. ನಡುವೆ ಹಾದುಹೋಗುವ ಒಂದು ಡೊಂಕು ಗೆರೆ. “ಇಷ್ಟೇನಾ?” ಅಂದಳು. ಇಷ್ಟೇ. ನನಗಂತೂ ಆ ಬಣ್ಣದ ಚಿತ್ರಕ್ಕಿಂತ ಇದೇ ದೊಡ್ಡ ಬೆರಗು. 124 ಜ್ಯೋತಿರ್ವರ್ಷ ದೂರದ ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ, ಅದರ ವಾತಾವರಣದಲ್ಲಿ ಸೋಸಿಬಂದ ಚೂರು ಬೆಳಕನ್ನು ಜೇಮ್ಸ್ ವೆಬ್ ದೂರದರ್ಶಕ ಅಳೆದಿದೆ. ಪೇಪರಿನಲ್ಲಿ ಈ ಕಥೆಗೇ ಜಾಗ ಇರಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ ಹೇಳಿದ್ದು, ಆ ಬೆಳಕಿನಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅನಿಲದ ಸುಳಿವು ಇರಬಹುದು ಎಂದು. ಎಲೆಕೋಸು ಬೇಯುವಾಗ ಬರುವ ವಾಸನೆಯಲ್ಲಿ, ಕಡಲತೀರದ ಗಾಳಿಯಲ್ಲಿ ಇರುವ ಅನಿಲವೇ ಅದು. ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಹುಟ್ಟಿಸುವುದು ಸಮುದ್ರದ ಸೂಕ್ಷ್ಮಜೀವಿಗಳು. ಸುಳಿವಿನ ಬಲ ಮೂರು ಸಿಗ್ಮಾ (ಸುಳಿವು ಎಷ್ಟು ಗಟ್ಟಿ ಎಂದು ಅಳೆಯುವ ಮಾನ), ಅಂದರೆ ಆ ಅನಿಲ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಂಥ ಸುಳಿವು ಕಾಣುವ ಸಂಭವ 0.3%. ಇಂಥ ಸಂಗತಿಯನ್ನು ಕಂಡುಹಿಡಿದೆವು ಎನ್ನಬೇಕಾದರೆ ಐದು ಸಿಗ್ಮಾ ಬೇಕು ಎಂದು ಅವರೇ ಹೇಳಿದ್ದರು. ಸುದ್ದಿಮನೆಗಳಲ್ಲಿ ಆ 0.3% ತಿರುಗಿ ‘ಜೀವ ಇರುವುದು 99.7% ಖಚಿತ’ ಎಂದಾಯಿತು. ಇದು ಶುದ್ಧ ತಪ್ಪು. ಸುಳಿವು ನಿಜವೇ ಎಂಬುದು ಒಂದು ಪ್ರಶ್ನೆ. ನಿಜವಾದರೆ ಅದು ಇದೇ ಅನಿಲದ್ದೇ ಎಂಬುದು ಇನ್ನೊಂದು. ಇದೇ ಅನಿಲವಾದರೂ ಜೀವಿಗಳೇ ಹುಟ್ಟಿಸಿದ್ದೇ ಎಂಬುದು ಮೂರನೆಯದು. ಜೀವದ ಸೋಂಕಿಲ್ಲದ 67ಪಿ ಧೂಮಕೇತುವಿನಲ್ಲೂ ಈ ಅನಿಲ ಸಿಕ್ಕಿದೆ.

ತಪ್ಪೆಲ್ಲ ವರದಿಗಾರರದ್ದು ಎಂದು ನಾನು ಹೇಳುವುದಿಲ್ಲ. ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆಯೇ ಜೋರು ತಲೆಬರಹ ಇಟ್ಟುಕೊಂಡು ಹೊರಟಿತ್ತು. ಎಚ್ಚರಿಕೆಯ ಮಾತುಗಳು ಕೆಳಗಿದ್ದವು. ನಮ್ಮ ಪೇಪರಿಗೆ ಬರುವಷ್ಟರಲ್ಲಿ ಕೆಳಗಿನದೆಲ್ಲ ಉದುರಿಹೋಗಿ ‘ಇರಬಹುದು’ ಹೋಗಿ ‘ಇದೆ’ ಆಯಿತು. ‘ಸಿಕ್ಕಿದೆಯಂತೆ’ ಎಂದು ಒಂದು ‘ಅಂತೆ’ ಸೇರಿಸಿದ ನಮ್ಮ ಹುಡುಗಿಯೇ ಆ ತಲೆಬರಹಕ್ಕಿಂತ ಸತ್ಯಕ್ಕೆ ಹತ್ತಿರ ಇದ್ದಳು!

ಇದೇ ಗ್ರಹದ ಬಗ್ಗೆ 2019ರಲ್ಲೂ ಹೀಗೇ ಆಗಿತ್ತು. ಹಬಲ್ ದೂರದರ್ಶಕದ ಅಳತೆಯಿಂದ ‘ನೀರಾವಿ ಸಿಕ್ಕಿತು’ ಎಂಬ ಸುದ್ದಿ ಜಗತ್ತೆಲ್ಲ ಸುತ್ತಿತು. 2023ರಲ್ಲಿ ವೆಬ್ ನೋಡಿದಾಗ ಕಂಡದ್ದು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಹಿಂದೆ ನೀರಾವಿ ಎಂದುಕೊಂಡದ್ದು ಮೀಥೇನಿನ ಗುರುತೇ ಆಗಿರುವ ಸಾಧ್ಯತೆ ಹೆಚ್ಚು.

2024 ವೈಆರ್4 ಕ್ಷುದ್ರಗ್ರಹದ ಸುದ್ದಿಯೂ ನಿಮಗೆ ನೆನಪಿರಬಹುದು. 2032ರಲ್ಲಿ ಭೂಮಿಗೆ ಬಡಿಯುವ ಸಂಭವ 2025ರ ಫೆಬ್ರವರಿಯಲ್ಲಿ 3.1%ಕ್ಕೆ ಏರಿ, ಕೆಲವೇ ದಿನಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಅದು ಹಾದುಹೋಗಬಹುದಾದ ಪ್ರದೇಶದ ಅಂದಾಜು ಕಿರಿದಾಗುತ್ತಾ ಬಂದಂತೆ, ಭೂಮಿ ಇನ್ನೂ ಅದರೊಳಗೇ ಇದ್ದರೆ ಅದರ ಪಾಲು ದೊಡ್ಡದಾಗುತ್ತದೆ. ಭೂಮಿ ಆಚೆ ಬಿದ್ದ ಕ್ಷಣ ಸಂಖ್ಯೆ ಕುಸಿಯುತ್ತದೆ. ಲೆಕ್ಕ ಸರಿಯಾಗಿಯೇ ನಡೆಯುತ್ತಿತ್ತು. ಟಿವಿಯಲ್ಲಿ ಮಾತ್ರ ‘ಅಪಾಯ ಹೆಚ್ಚುತ್ತಿದೆ’ ಎಂಬ ಕೂಗು.

ಹಾಗಾದರೆ ನಂಬಬಹುದೇ? ನಾನು ಮೊದಲು ಹುಡುಕುವುದು ಒಂದನ್ನೇ. ಆ ಸಂಶೋಧನೆಯಲ್ಲಿ ಭಾಗಿಯಾಗದ ಇನ್ನೊಬ್ಬ ಖಗೋಳ ವಿಜ್ಞಾನಿಯನ್ನು ವರದಿಗಾರರು ಮಾತನಾಡಿಸಿದ್ದಾರೆಯೇ? ಮಾತನಾಡಿಸಿದ್ದರೆ ಆ ವರದಿಯನ್ನು ಕೂತು ಓದುತ್ತೇನೆ. ಏಪ್ರಿಲ್‌ನಲ್ಲೂ ಅಂಥ ಒಳ್ಳೆಯ ವರದಿಗಳು ಬಂದಿದ್ದವು, ಆದರೆ ನನಗೆ ಸಿಕ್ಕದ್ದೆಲ್ಲ ಇಂಗ್ಲಿಷಿನಲ್ಲಿ.

ನೀವು ಹೇಳಿದ ಆ ‘ಸದ್ದೇ ಇಲ್ಲ’ ಎಂಬುದೇ ನನಗೆ ಹೆಚ್ಚು ನೋವು ತರುವ ಸಂಗತಿ. ಸುದ್ದಿ ಬಂದ ಒಂದೆರಡು ತಿಂಗಳೊಳಗೇ ಆಕ್ಸ್‌ಫರ್ಡಿನ ಒಬ್ಬರು ಅದೇ ದತ್ತಾಂಶ ಇಟ್ಟುಕೊಂಡು, ಸಪಾಟು ಗೆರೆಯೂ, ಅಂದರೆ ಯಾವ ಅನಿಲದ ಗುರುತೂ ಇಲ್ಲದ ಗೆರೆಯೂ, ಈ ಚುಕ್ಕೆಗಳಿಗೆ ಒಪ್ಪುತ್ತದೆ ಎಂದು ತೋರಿಸಿದರು. ಶಿಕಾಗೋದ ತಂಡವೊಂದು, ಬೇರೆ ಅನಿಲಗಳೂ ಅಷ್ಟೇ ಚೆನ್ನಾಗಿ ಹೊಂದುತ್ತವೆ ಎಂದಿತು. ನಾವು ತರಿಸುವ ಪೇಪರಿನಲ್ಲಿ ಇದರ ಒಂದು ಸಾಲೂ ಕಾಣಲಿಲ್ಲ. ದಸರಾ ರಜದಲ್ಲಿ ಹುಡುಗಿ ಮತ್ತೆ ಬಂದು “ಆಮೇಲೆ ಏನಾಯ್ತು ಮಾಮ?” ಎಂದು ಕೇಳಿದಾಗ ಕೈಗೆ ಕೊಡಲು ನನ್ನ ಹತ್ತಿರ ಕನ್ನಡದ ಒಂದು ತುಣುಕೂ ಇರಲಿಲ್ಲ. ಬಾಯಲ್ಲೇ ಹೇಳಿದೆ. ಅವಳೇ ಅರ್ಧ ಪುಟ ಬರೆದುಕೊಂಡು ಹೋಗಿ ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿದ್ದಾಳೆ. ತಲೆಬರಹ: ‘ಕೆ2-18ಬಿ: ಇನ್ನೂ ಗೊತ್ತಿಲ್ಲ’.