1.6 ಲಕ್ಷ ಕಿ.ಮೀ. ಓಡಿರುವ ಐಷಾರಾಮಿ ಎಸ್‌ಯುವಿಯನ್ನು ಕೊಳ್ಳಬಹುದೇ?

ದೆಹಲಿ ನೋಂದಣಿ, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಚೀಲ), ಡೀಸೆಲ್, ಹೊಸ ಸಣ್ಣ ಎಸ್‌ಯುವಿಯ ಬೆಲೆ. ಮೈಸೂರಿನಲ್ಲಿ ಇಟ್ಟುಕೊಂಡು ಕೊಡಗು, ಗೋಪಾಲಸ್ವಾಮಿ ಬೆಟ್ಟ ಸುತ್ತಬೇಕು, ಓಡಿರುವುದು ಜಾಸ್ತಿಯಾಯಿತೇ ಎಂದು ಕೇಳಿದ್ದೀರಿ. 2019ರಲ್ಲಿ ನಾನೂ ಇದನ್ನೇ ಊರೆಲ್ಲ ಕೇಳಿಕೊಂಡು ತಿರುಗಿದ್ದೆ. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ.

ನಮ್ಮದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಊರು. ಕಬ್ಬಿನ ಗದ್ದೆಗೆ ಹೋಗುವ ನಾಲೆ ಏರಿಯ ದಾರಿ ಮಳೆ ಬಿದ್ದರೆ ಕೆಸರು, ಅದಕ್ಕೆ ಇಂಥ ಗಾಡಿಯೇ ಬೇಕು ಎಂದು ಮನೆಯಲ್ಲಿ ಹೇಳಿದೆ. ಆಸೆ ಅದಕ್ಕಿಂತ ಹಳೆಯದು. ಬೆಂಗಳೂರಿನ ಒಬ್ಬ ಮಾರಾಟಗಾರರ ಬಳಿ ದೆಹಲಿ ನೋಂದಣಿಯ 2011ರ ಮಾದರಿ ಸಿಕ್ಕಿತು. 1.48 ಲಕ್ಷ ಕಿಲೋಮೀಟರ್ ಓಡಿತ್ತು, ಹದಿನೈದೂವರೆ ಲಕ್ಷ ಹೇಳಿದರು. ಅಗ್ಗ ಏಕೆಂದರೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಎಂಟು ವರ್ಷದ ಗಾಡಿಗೆ ಅಲ್ಲಿ ಎರಡೇ ವರ್ಷ ಆಯುಸ್ಸು ಉಳಿದಿತ್ತು.

ಓಡೋಮೀಟರ್ ತಿರುಚಿರಬಹುದು ಎಂಬ ಒಂದೇ ಭಯ ನನಗೆ. ಚಾಸಿ ಸಂಖ್ಯೆ ಕೊಟ್ಟು ಸರ್ವೀಸ್ ದಾಖಲೆ ತೆಗೆಸಿದೆ. ಒಂದೊಂದು ಬಿಲ್ಲಿನ ಕಿಲೋಮೀಟರನ್ನೂ ದಿನಾಂಕದೊಂದಿಗೆ ತಾಳೆ ನೋಡಿದೆ. ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಸಂಖ್ಯೆ ಸುಳ್ಳಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೇನನ್ನೂ ನೋಡಬೇಕೆಂದು ನನಗೆ ತೋಚಲಿಲ್ಲ.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ನಾನು ಗಾಡಿ ನೋಡಲು ಹೋದದ್ದು ಮಧ್ಯಾಹ್ನ ಮೂರು ಗಂಟೆಗೆ. ಹೋಗುವಷ್ಟರಲ್ಲಿ ಎಂಜಿನ್ ಓಡುತ್ತಿತ್ತು, ಎ.ಸಿ. ಹಾಕಿಟ್ಟಿದ್ದರು. ಬಿಸಿಲಿನಲ್ಲಿ ಬಂದಿದ್ದೀರಿ, ಮೊದಲು ಒಳಗೆ ಕುಳಿತುಕೊಳ್ಳಿ ಎಂದರು. ಬಾಗಿಲು ತೆಗೆದೊಡನೆ ತಣ್ಣನೆಯ ಗಾಳಿ, ಚರ್ಮದ ಸೀಟಿನ ವಾಸನೆ. ಗಾಡಿ ನಾಲ್ಕು ಚಕ್ರದ ಮೇಲೂ ಮಟ್ಟಸವಾಗಿ ನಿಂತಿತ್ತು. ಗುಂಡಿ ಒತ್ತಿದರೆ ಮೂರ್ನಾಲ್ಕು ಬೆರಳಷ್ಟು ಮೇಲೆದ್ದಿತು. ಅಲ್ಲಿಯೇ ಮುಂಗಡ ಕೊಟ್ಟೆ.

ಆ ಗಾಡಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರದ ಮೇಲೆ ಒಂದು ರಬ್ಬರಿನ ಗಾಳಿಚೀಲ, ಅದಕ್ಕೆ ಗಾಳಿ ತುಂಬಲು ಒಂದು ಕಂಪ್ರೆಸರ್, ಎತ್ತರ ಅಳೆಯಲು ಸೆನ್ಸರ್. ವರ್ಷಗಳು ಕಳೆದಂತೆ ಚೀಲ ಮಡಚುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಗಾಡಿ ಓಡಲಿ, ಶೆಡ್ಡಿನಲ್ಲಿ ನಿಂತಿರಲಿ, ರಬ್ಬರಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಎಂಜಿನ್ ಓಡುತ್ತಿರುವಾಗ ಸೋರಿದ ಗಾಳಿಯನ್ನು ಕಂಪ್ರೆಸರ್ ಮತ್ತೆ ಮತ್ತೆ ತುಂಬುತ್ತದೆ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಸೋರುವ ಚೀಲಕ್ಕೂ ಸೋರದ ಚೀಲಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲು ನೋಡಿದ್ದರೆ ಮಾತ್ರ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಮನೆಗೆ ತಂದ ಮರುದಿನ ನಸುಕಿನಲ್ಲಿ ಅಪ್ಪ ಕೊಟ್ಟಿಗೆಯಿಂದಲೇ ಕೂಗಿದರು. "ಇದೇನೋ, ನಿನ್ನ ಗಾಡಿ ಒಂದು ಕಾಲು ಮಡಚಿಕೊಂಡು ಮಲಗಿದೆ?" ಹೊರಗೆ ಬಂದು ನೋಡಿದೆ. ಎಡಗಡೆ ಮುಂದಿನ ಚಕ್ರದ ಮೇಲಿನ ಕಮಾನು ಟೈರಿಗೆ ತಗಲುವಷ್ಟು ಕೆಳಗೆ ಇಳಿದಿತ್ತು, ಬಲಗಡೆ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. ಬಾನೆಟ್ಟಿನ ಮೇಲಿನ ಇಬ್ಬನಿ ಆ ಮೂಲೆಗೇ ಹರಿದು ತೊಟ್ಟಿಕ್ಕುತ್ತಿತ್ತು. ಅಪ್ಪ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಎಷ್ಟೋ ಜೋಡಿ ಎತ್ತು ಕೊಂಡವರು. ಹಲ್ಲು ನೋಡಿ, ಸುಳಿ ನೋಡಿ ಆದ ಮೇಲೂ ಮಲಗಿದ ಎತ್ತು ತಾನಾಗಿ ಏಳುವುದನ್ನು ನೋಡುವವರೆಗೆ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಲೇ ಬೆಳೆದವನು ನಾನು.

ಎಂಜಿನ್ ಚಾಲೂ ಮಾಡಿದೆ, ಗಾಡಿ ಎದ್ದು ನಿಂತಿತು. ಎದ್ದಿತಲ್ಲ ಎಂದು ಸುಮ್ಮನಾದೆ. ಆ ಕಂಪ್ರೆಸರ್ ಬಿಡುವಿಲ್ಲದೆ ದುಡಿಯಲು ಮಾಡಿದ್ದಲ್ಲ. ಒಂದು ಚೀಲದ ಸೋರಿಕೆ ತುಂಬಿಸಿ ತುಂಬಿಸಿ ಅದೇ ಸುಡುತ್ತದೆ. ಐದು ತಿಂಗಳಾದ ಮೇಲೆ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೈಸೂರಿಗೆ ಹೊರಟಿದ್ದೆವು. ಶ್ರೀರಂಗಪಟ್ಟಣದ ಹತ್ತಿರ ಎಚ್ಚರಿಕೆಯ ದೀಪ ಹತ್ತಿ ಗಾಡಿ ಪೂರ್ತಿ ಕೆಳಗೆ ಕುಳಿತುಬಿಟ್ಟಿತು. ರಸ್ತೆಯ ಒಂದೊಂದು ಕಲ್ಲೂ ನೇರ ಬೆನ್ನಿಗೆ ಬಡಿಯತೊಡಗಿತು. ಅಪ್ಪ ಏನೂ ಅನ್ನಲಿಲ್ಲ. ಕೈಚೀಲ ತೆಗೆದುಕೊಂಡು ಇಳಿದು, "ಬಸ್ಸು ಬರುತ್ತಿದೆ, ನಡಿ" ಎಂದರು.

ಚೀಲ, ಕಂಪ್ರೆಸರ್, ಆಮೇಲೆ ಅದೇ ವಯಸ್ಸಿನ ಬಲಗಡೆಯ ಚೀಲ. ಒಂದು ಭಾಗಕ್ಕಾಗಿ ಗಾಡಿ ಮೈಸೂರಿನ ಗ್ಯಾರೇಜಿನಲ್ಲಿ ಇಪ್ಪತ್ತಮೂರು ದಿನ ನಿಂತಿತು. ಹದಿನಾಲ್ಕು ತಿಂಗಳಲ್ಲಿ ಒಟ್ಟು 4,10,000 ರೂಪಾಯಿ ಹೋಯಿತು. ಕೊನೆಗೆ ಏಳು ಲಕ್ಷಕ್ಕೆ ಕೊಟ್ಟೆ. ಕೊಂಡವರಿಗೆ ಇದೆಲ್ಲವನ್ನೂ ಹೇಳಿಯೇ ಕೊಟ್ಟೆ.

ಆದ್ದರಿಂದ 1.6 ಲಕ್ಷ ಜಾಸ್ತಿಯೇ ಎಂಬ ಪ್ರಶ್ನೆಯನ್ನು ಬಿಡಿ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್‌ಗೆ ಅದು ದೊಡ್ಡ ಓಟವಲ್ಲ. ಹೊಸ ಸಣ್ಣ ಗಾಡಿಯ ಬೆಲೆಯೊಂದಿಗೆ ಹೋಲಿಸುವುದನ್ನೂ ಬಿಡಿ. ನಿಮಗೆ ಹದಿನಾಲ್ಕು ಲಕ್ಷಕ್ಕೆ ಸಿಕ್ಕಿದರೂ ಅದರ ಬಿಡಿಭಾಗಗಳಿಗೆ ಮುಕ್ಕಾಲು ಕೋಟಿಯ ಗಾಡಿಯ ಬಿಡಿಭಾಗಗಳ ಬೆಲೆಯನ್ನೇ ಕೊಡಬೇಕು. ನಮ್ಮ ಆರ್‌ಟಿಓದಲ್ಲಿ ಮರುನೋಂದಣಿ ಮಾಡಿಸುವಾಗ ಜೀವಿತಾವಧಿ ತೆರಿಗೆಯ ಲೆಕ್ಕ ಹಿಡಿಯುವುದೂ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಂತೆ ಕಡಿತ ಮಾಡಿ. ನೀವು ಕೊಟ್ಟ ಬೆಲೆಯ ಮೇಲಲ್ಲ. ದೆಹಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಗೋಪಾಲಸ್ವಾಮಿ ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಎಂಥ ಗಾಡಿಯಿದ್ದರೂ ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ ಹತ್ತಬೇಕು.

ನನ್ನನ್ನು ಕೇಳಿದರೆ ಏರ್ ಸಸ್ಪೆನ್ಷನ್ ಇರುವ ಹಳೆಯ ಗಾಡಿಯೇ ಬೇಡ. ಉಕ್ಕಿನ ಸ್ಪ್ರಿಂಗಿನ ಹಳೆಯ ಫಾರ್ಚುನರ್ ನೋಡಿ. ಅದರಲ್ಲಿ ಆ ಠೀವಿ ಇಲ್ಲ ಎನ್ನುತ್ತೀರಿ, ಒಪ್ಪುತ್ತೇನೆ. ಆದರೆ ಅದು ತಯಾರಾಗುವುದು ಇದೇ ಮೈಸೂರು ರಸ್ತೆಯ ಬಿಡದಿಯಲ್ಲಿ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಮಂಡ್ಯದಲ್ಲೂ ಸಿಗುತ್ತಾನೆ.

ಮನಸ್ಸು ಆ ಗಾಡಿಯ ಮೇಲೆಯೇ ಇದ್ದರೆ ಒಂದು ಅಳತೆಯ ಟೇಪು ತೆಗೆದುಕೊಂಡು ಸಂಜೆ ಹೋಗಿ. ನಾಲ್ಕೂ ಕಡೆ ಚಕ್ರದ ನಡುವಿನಿಂದ ಕಮಾನಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮತ್ತೆ ಅಳೆಯಿರಿ. ನಾಲ್ಕೂ ಕಡೆ ತುಸು ಇಳಿದಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆ ಕುಸಿದಿದ್ದರೆ ಸೋರಿಕೆ ಇದೆ. ಆಮೇಲೆ ಚಾಲೂ ಮಾಡಿಸಿ ಪೂರ್ತಿ ಮೇಲೆತ್ತಿಸಿ, ಚೀಲದ ಮಡಿಕೆಗೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಬರುತ್ತದೆಯೇ ನೋಡಿ. ಇವತ್ತೇ ಮಾರುವವರಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ನಾನು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ ಎಂದು ಹೇಳಿ. ಅದಕ್ಕೆ ಅವರು ಏನೆಂದರು ಎಂಬುದನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.