ಶಿರಸಿ ಕಡೆಯ ಹುಡುಗರಿಗೆ ತೋಟದ ಕೆಲಸದಲ್ಲಿ ತಾಳ್ಮೆ ಯಾಕಿಲ್ಲ?

ಸೋಮಾರಿಗಳು ಎಂದು ಬೈಯುವುದು ಸುಲಭ. ಆದರೆ ಇಂದು ನೆಟ್ಟ ಅಡಿಕೆ ಸಸಿ ಫಲಕ್ಕೆ ಬರಲು 5–6 ವರ್ಷ ಬೇಕು. ಫೋನಿನಲ್ಲಿ ಮೆಚ್ಚುಗೆ ಕೂತಲ್ಲೇ ಸಿಗುತ್ತದೆ. ಈ ಅಂತರವನ್ನು ಬೆಳೆಯಿಂದಲೇ ತುಂಬಬೇಕು. ಹೊಸ ತೋಟದಲ್ಲಿ ಸಾಲಿನ ನಡುವೆ ಬಾಳೆ ಹಾಕಿ, ಹೆಚ್ಚುಕಡಿಮೆ ವರ್ಷಕ್ಕೆ ಗೊನೆ. ಹಳೇ ಮರಕ್ಕೆ ಕಾಳುಮೆಣಸು ಹಬ್ಬಿಸಿದರೆ 3ನೇ ವರ್ಷ ಫಸಲು. ಆ ಹಣ ಹುಡುಗನ ಖಾತೆಗೇ ಹೋಗಲಿ. ಲೆಕ್ಕವೆಲ್ಲ ಅಪ್ಪನ ಕೈಯಲ್ಲೇ ಇದ್ದರೆ ಯಾರು ದುಡಿದಾರು?

ಎಡವುವುದು ಮಳೆಗಾಲದಲ್ಲಿ. ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತರೆ ಸೊರಗು ರೋಗ ಮೆಣಸಿನ ಬಳ್ಳಿಯನ್ನು ಕೆಲವೇ ವಾರಗಳಲ್ಲಿ ಮುಗಿಸುತ್ತದೆ. ಮಳೆ ಹಿಡಿಯುವ ಮುನ್ನ ಕಾಲುವೆ ಬಿಡಿಸಿ, ಶೇ. 1ರ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಹೊಡೆಯಿರಿ: 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ.